ಸುದ್ದಿಯ ಬೆಲೆ: ಕಲ್ಲಚ್ಚಿನಿಂದ ಅಂತರಜಾಲದವರೆಗೆ

ಚಾಮರಾಜನಗರ ಜಿಲ್ಲೆಯ ಯಳಂದೂರು ತಾಲ್ಲೂಕಿನಲ್ಲಿ ಮಾಂಬಳ್ಳಿ ಎಂಬ ಊರಿದೆ. ಕೊಳ್ಳೇಗಾಲಕ್ಕೆ ಹತ್ತಿರದ ರೇಷ್ಮೆ ಸೀಮೆ ಇದು. ಈ ಊರಿನ ಒಂದು ಸಣ್ಣ ಸುದ್ದಿಯನ್ನು ಊಹಿಸಿಕೊಳ್ಳಿ. ಕುಡಿಯುವ ನೀರಿನ ಕೊಳವೆ ಒಡೆದು ಎರಡು ವಾರವಾಗಿದೆ, ಯಾರೂ ತಿರುಗಿ ನೋಡಿಲ್ಲ. ಪತ್ರಿಕೆಯೊಂದರ ಅರೆಕಾಲಿಕ ವರದಿಗಾರ ಯಳಂದೂರಿನಿಂದ ಬೈಕಿನಲ್ಲಿ ಬಂದು, ನಾಲ್ಕು ಮಂದಿಯನ್ನು ಮಾತಾಡಿಸಿ, ಪಂಚಾಯಿತಿ ಕಚೇರಿಗೆ ಹೋಗಿ, ಒಂದು ಚಿತ್ರ ತೆಗೆದು ಹತ್ತು ಸಾಲು ಬರೆಯುತ್ತಾನೆ. ಮರುದಿನ ಅದು ಜಿಲ್ಲಾ ಪುಟದಲ್ಲಿ ಅಚ್ಚಾಗುತ್ತದೆ. ಅದೇ ಹತ್ತು ಸಾಲು ಪತ್ರಿಕೆಯ ಜಾಲತಾಣದಲ್ಲಿಯೂ ಬರುತ್ತದೆ. ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಮಾಂಬಳ್ಳಿಯ ಹುಡುಗ ಅದನ್ನು ಮೊಬೈಲಿನಲ್ಲಿ ಓದಿ ಊರಿನ ವಾಟ್ಸ್‌ಆಪ್ ಗುಂಪಿಗೆ ಕಳಿಸುತ್ತಾನೆ. ಗುಂಪಿನವರೆಲ್ಲ ಓದುತ್ತಾರೆ, ಕೊಳವೆಯೂ ದುರಸ್ತಿಯಾಗುತ್ತದೆ ಎನ್ನೋಣ.

ಈಗ ಯೋಚಿಸಿ: ಆ ವರದಿಗಾರನ ಪೆಟ್ರೋಲಿಗೆ ದುಡ್ಡು ಕೊಟ್ಟವರು ಯಾರು? ಮೊಬೈಲಿನಲ್ಲಿ ಓದಿದವರಂತೂ ಅಲ್ಲ. ಮುದ್ರಿತ ಪತ್ರಿಕೆ ಕೊಂಡವರೇ? ಅವರೂ ಪೂರ್ತಿಯಾಗಿ ಕೊಟ್ಟಿಲ್ಲ. ಇದು ವಿಚಿತ್ರವಾಗಿ ಕಾಣಬಹುದು. ಸುದ್ದಿ ಎಂಬ ಸರಕಿನ ಅರ್ಥಶಾಸ್ತ್ರವೇ ಹಾಗಿದೆ, ಮೊದಲಿನಿಂದಲೂ ಹಾಗೆಯೇ ಇದೆ.

ಹಳೆಯ ಲೆಕ್ಕ

ಭಾರತದ ಮೊದಲ ಮುದ್ರಿತ ಪತ್ರಿಕೆ 1780ರ ಜನವರಿ 29ರಂದು ಕಲ್ಕತ್ತೆಯಲ್ಲಿ ಹೊರಟಿತು. ಜೇಮ್ಸ್ ಆಗಸ್ಟಸ್ ಹಿಕಿ ಹೊರತಂದ ಈ ಪತ್ರಿಕೆಯ ಹೆಸರು ‘ಬೆಂಗಾಲ್ ಗೆಜೆಟ್ ಅಥವಾ ಕಲ್ಕತ್ತಾ ಜನರಲ್ ಅಡ್ವರ್ಟೈಸರ್’. ಹೆಸರಿನಲ್ಲಿಯೇ ಜಾಹೀರಾತು ಇದೆ, ಗಮನಿಸಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಬಂದಿತು. ಬಾಸೆಲ್ ಮಿಷನ್ನಿನ ಆಶ್ರಯದಲ್ಲಿ ಹರ್ಮನ್ ಮೋಗ್ಲಿಂಗ್ ಇದನ್ನು ಕಲ್ಲಚ್ಚಿನಲ್ಲಿ ಹದಿನೈದು ದಿನಗಳಿಗೊಮ್ಮೆ ಹೊರತರುತ್ತಿದ್ದ. 1844ರಲ್ಲಿ ಅದು ಅಚ್ಚುಮೊಳೆಯ ಸೌಕರ್ಯವಿದ್ದ ಬಳ್ಳಾರಿಗೆ ಹೋಗಿ ‘ಕಂನಡ ಸಮಾಚಾರ’ವಾಯಿತು. ಕನ್ನಡ ಪತ್ರಿಕೆಯ ಇತಿಹಾಸದಲ್ಲಿ ತಂತ್ರಜ್ಞಾನಕ್ಕಾಗಿ ಊರು ಬದಲಾಯಿಸಿದ ಮೊದಲ ಸಂದರ್ಭ ಇದಿರಬೇಕು!

ಪತ್ರಿಕೆಯ ಅರ್ಥಶಾಸ್ತ್ರವನ್ನು ಬದಲಿಸಿದ ಘಟನೆ ನಡೆದದ್ದು ಬೇರೆಡೆ. 1833ರ ಸೆಪ್ಟೆಂಬರ್ 3ರಂದು ನ್ಯೂಯಾರ್ಕಿನಲ್ಲಿ ಬೆಂಜಮಿನ್ ಡೇ ಎಂಬಾತ ‘ದಿ ಸನ್’ ಎಂಬ ಪತ್ರಿಕೆಯನ್ನು ಒಂದು ಸೆಂಟಿಗೆ ಮಾರತೊಡಗಿದ. ಉಳಿದ ಪತ್ರಿಕೆಗಳಿಗೆ ಆಗ ಆರು ಸೆಂಟ್. ಒಂದು ಸೆಂಟಿನಲ್ಲಿ ಖರ್ಚು ಗಿಟ್ಟುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಅಗ್ಗವಾದ್ದರಿಂದ ಓದುಗರು ಹೆಚ್ಚುತ್ತಾರೆ, ಓದುಗರು ಹೆಚ್ಚಿದ್ದರಿಂದ ಜಾಹೀರಾತು ಬರುತ್ತದೆ, ನಷ್ಟವನ್ನು ಜಾಹೀರಾತು ತುಂಬುತ್ತದೆ ಎಂಬುದು ಅವನ ಲೆಕ್ಕ. ಅಂದರೆ ಪತ್ರಿಕೆ ಎರಡು ಸರಕುಗಳನ್ನು ಮಾರುತ್ತದೆ: ಓದುಗನಿಗೆ ಸುದ್ದಿ, ಜಾಹೀರಾತುದಾರನಿಗೆ ಓದುಗನ ಗಮನ. ಮೊದಲನೆಯದರಲ್ಲಿ ನಷ್ಟ, ಎರಡನೆಯದರಲ್ಲಿ ಲಾಭ.

ಈ ಸೂತ್ರವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವೂ ಒಮ್ಮೆ ಪರಿಶೀಲಿಸಿದೆ. 1956ರಲ್ಲಿ ಕೇಂದ್ರ ಸರ್ಕಾರ ಪತ್ರಿಕೆಗಳ ಪುಟಗಳ ಸಂಖ್ಯೆಯನ್ನು ಬೆಲೆಗೆ ಕಟ್ಟಿಹಾಕುವ ಕಾಯಿದೆ ತಂದಿತು. ಹೆಚ್ಚು ಪುಟ ಕೊಡಬೇಕಾದರೆ ಹೆಚ್ಚು ಬೆಲೆ ಇಡಬೇಕು, ಜಾಹೀರಾತಿಗೂ ಮಿತಿ ಇರಬೇಕು ಎಂಬುದು ಅದರ ಆಶಯ. ಪುಣೆಯ ಮರಾಠಿ ಪತ್ರಿಕೆ ‘ಸಕಾಳ್’ ನ್ಯಾಯಾಲಯಕ್ಕೆ ಹೋಯಿತು. 1961ರಲ್ಲಿ ನ್ಯಾಯಾಲಯ ಕಾಯಿದೆಯನ್ನು ತಳ್ಳಿಹಾಕಿತು. ಜಾಹೀರಾತಿನ ಜಾಗ ಕಡಿಮೆ ಮಾಡಿದರೆ ಬೆಲೆ ಏರುತ್ತದೆ, ಬೆಲೆ ಏರಿದರೆ ಪ್ರಸಾರ ಇಳಿಯುತ್ತದೆ, ಪ್ರಸಾರ ಇಳಿಸುವುದು ವಾಕ್ ಸ್ವಾತಂತ್ರ್ಯವನ್ನು ಮೊಟಕುಗೊಳಿಸಿದಂತೆಯೇ ಸರಿ ಎಂಬುದು ತೀರ್ಪಿನ ಸಾರ. ಜಾಹೀರಾತಿಗೂ ವಾಕ್ ಸ್ವಾತಂತ್ರ್ಯಕ್ಕೂ ಇರುವ ಈ ಸಂಬಂಧವನ್ನು ನೆನಪಿಡಿ. ಅಂತರಜಾಲದ ಕಥೆಯಲ್ಲಿ ಇದೇ ಮತ್ತೆ ಎದುರಾಗುತ್ತದೆ.

ಕನ್ನಡದ ದೊಡ್ಡ ದಿನಪತ್ರಿಕೆಗಳು ಬೆಳೆದದ್ದು ಈ ಲೆಕ್ಕದ ಮೇಲೆಯೇ. ‘ಸಂಯುಕ್ತ ಕರ್ನಾಟಕ’ 1933ರಲ್ಲಿ, ‘ಪ್ರಜಾವಾಣಿ’ 1948ರಲ್ಲಿ, ‘ಕನ್ನಡಪ್ರಭ’ 1967ರಲ್ಲಿ ಹೊರಟವು. 1999ರಲ್ಲಿ ಸಾರಿಗೆ ಉದ್ಯಮಿ ವಿಜಯ ಸಂಕೇಶ್ವರರು ‘ವಿಜಯ ಕರ್ನಾಟಕ’ವನ್ನು ಆರಂಭಿಸಿ, ಕಡಿಮೆ ಬೆಲೆಗೆ ಹಲವು ಊರುಗಳಿಂದ ಏಕಕಾಲಕ್ಕೆ ಮುದ್ರಿಸಿದಾಗ ಬೆಂಜಮಿನ್ ಡೇಯ ಸೂತ್ರ ಕನ್ನಡದಲ್ಲಿ ಅದರ ತುದಿ ಮುಟ್ಟಿತು. ಲಾರಿ, ಬಸ್ಸುಗಳ ಜಾಲವಿದ್ದವರಿಗೆ ಪತ್ರಿಕೆಯ ಕಟ್ಟು ಬೆಳಗಾಗುವುದರೊಳಗೆ ಊರು ಮುಟ್ಟಬೇಕಾದದ್ದರ ಮಹತ್ವ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. 2006ರಲ್ಲಿ ಆ ಪತ್ರಿಕೆ ಟೈಮ್ಸ್ ಸಮೂಹದ ಕೈಸೇರಿತು.

ಅಕ್ಷರ ಕಾಣದ ದಿನಗಳು

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಅದೇ ವರ್ಷ ‘ದಿ ಹಿಂದೂ’ ಜಾಲಕ್ಕೆ ಬಂದಿತು. ಕನ್ನಡದಲ್ಲಿ ಡಾ. ಯು. ಬಿ. ಪವನಜ ಅವರ ‘ವಿಶ್ವಕನ್ನಡ’ 1996ರಷ್ಟು ಹಿಂದೆಯೇ ಆರಂಭವಾಯಿತು. 2000ದ ಸುಮಾರಿಗೆ ದಿನಪೂರ್ತಿ ಸುದ್ದಿ ಕೊಡುವ ಕನ್ನಡ ತಾಣಗಳು ಬಂದವು. ಎಸ್. ಕೆ. ಶಾಮಸುಂದರ ಅವರು ಸಂಪಾದಕರಾಗಿದ್ದ ‘ದಟ್ಸ್‌ಕನ್ನಡ’ವನ್ನು ಹೊರನಾಡ ಕನ್ನಡಿಗರು ಇಂದಿಗೂ ನೆನೆಯುತ್ತಾರೆ. ದಿನಪತ್ರಿಕೆಗಳೂ ಒಂದೊಂದಾಗಿ ತಾಣ ತೆರೆದವು.

ತೆರೆದವು, ಆದರೆ ದುಡ್ಡು ಹುಟ್ಟಲಿಲ್ಲ. ಇದಕ್ಕೆ ಜನ ಹೇಳುವ ಕಾರಣ ‘ಆಗ ಅಂತರಜಾಲ ಬಳಸುವವರೇ ಕಡಿಮೆ’ ಎಂಬುದು. ಅದು ನಿಜವೇ. ಇನ್ನೊಂದು ಕಾರಣ ಅಪ್ಪಟ ತಾಂತ್ರಿಕವಾದುದು. ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಕನ್ನಡ ಸುದ್ದಿತಾಣಗಳ ಹಣಕಾಸಿನ ಹಿನ್ನಡೆಯಲ್ಲಿ ಅದರ ಪಾಲನ್ನು ನಾವು ಅಷ್ಟಾಗಿ ಲೆಕ್ಕಕ್ಕೆ ಹಿಡಿದಿಲ್ಲ.

ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಇಂಗ್ಲಿಷಿನ ಮೊದಲ ದೊಡ್ಡಕ್ಷರಕ್ಕೆ 65 ಎಂಬ ಸಂಖ್ಯೆ ಜಗತ್ತಿನಾದ್ಯಂತ ಒಂದೇ. ಕನ್ನಡಕ್ಕೆ ಬಹುಕಾಲ ಇಂಥ ಏರ್ಪಾಡು ಬಳಕೆಯಲ್ಲಿರಲಿಲ್ಲ. ಫಾಂಟು ತಯಾರಿಸುವವರು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿಯೇ ಕನ್ನಡದ ಅಕ್ಷರಭಾಗಗಳನ್ನು ಕೂರಿಸುತ್ತಿದ್ದರು. ತಲೆಕಟ್ಟಿಗೆ ಒಂದು ಸ್ಥಾನ, ಒತ್ತಿಗೆ ಒಂದು, ಇಕಾರದ ಗುಡಿಸಿಗೆ ಒಂದು. ಯಾವುದು ಎಲ್ಲಿ ಎಂಬುದು ಅವರವರ ಮರ್ಜಿ. ಒಂದು ಪತ್ರಿಕೆಯ ಫಾಂಟಿನಲ್ಲಿ 65 ಎಂದರೆ ಒಂದು ಅಕ್ಷರ, ಇನ್ನೊಂದರಲ್ಲಿ ಅದೇ 65 ಎಂದರೆ ಬೇರೊಂದು. ಅಚ್ಚಿನ ಮನೆಯೊಳಗೆ ಇದರಿಂದ ತೊಂದರೆಯಿರಲಿಲ್ಲ. ಕಾಗದದ ಮೇಲೆ ಮೂಡಿದ ಮೇಲೆ ಸಂಖ್ಯೆ ಯಾರಿಗೆ ಬೇಕು? ಜಾಲದಲ್ಲಿ ಮಾತ್ರ ಓದುಗನಿಗೆ ತಲುಪುವುದು ಸಂಖ್ಯೆಗಳೇ. ಅವನ ಗಣಕದಲ್ಲಿ ಅದೇ ಫಾಂಟು ಇಲ್ಲದಿದ್ದರೆ ತೆರೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಆದ್ದರಿಂದಲೇ ಅಂದಿನ ತಾಣಗಳ ಮುಖಪುಟದಲ್ಲಿ ‘ಫಾಂಟ್ ಇಳಿಸಿಕೊಳ್ಳಿ’ ಎಂಬ ಸೂಚನೆ ಇರುತ್ತಿತ್ತು. ಐದು ಪತ್ರಿಕೆ ಓದುವವನಿಗೆ ಐದು ಫಾಂಟು! ಫಾಂಟು ತಾನಾಗಿಯೇ ಇಳಿಯುವ ‘ಡೈನಮಿಕ್ ಫಾಂಟ್’ ಉಪಾಯವೂ ಬಂದಿತು, ಆದರೆ ಅದು ಎಲ್ಲ ಬ್ರೌಸರುಗಳಲ್ಲಿ ನಡೆಯುತ್ತಿರಲಿಲ್ಲ.

ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಜಾಗ ಸಿಕ್ಕಿತ್ತು. 3200ರಿಂದ 3327ರವರೆಗಿನ 128 ಸ್ಥಾನಗಳು ನಮ್ಮವು. ‘ಅ’ ಎಂದರೆ ಎಲ್ಲೆಡೆಯೂ 3205, ‘ಕ’ ಎಂದರೆ 3221. ‘ಕ್ಷ’ ಎಂದರೆ 3221, 3277, 3255 ಎಂಬ ಮೂರು ಸಂಖ್ಯೆಗಳ ಸರಣಿ: ಕಕಾರ, ವಿರಾಮ ಚಿಹ್ನೆ, ಷಕಾರ. ಈ ಸಂಖ್ಯೆಗಳನ್ನು ಜೋಡಿಸಿ ತೆರೆಯ ಮೇಲೆ ಸಂಯುಕ್ತಾಕ್ಷರ ಬರೆಯುವ ಕೌಶಲ ಕಾರ್ಯಾಚರಣ ವ್ಯವಸ್ಥೆಗೆ ಇರಬೇಕು. ಅದು ಸಾಮಾನ್ಯ ಬಳಕೆದಾರನಿಗೆ ದೊರೆತದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ. ಇದಲ್ಲದೆ, ಜಾಲದಲ್ಲಿ ಬಳಸುವ ಯುಟಿಎಫ್-8 ಕ್ರಮದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟು ಬೇಕು. ಒಂದು ‘ಕ್ಷ’ಕ್ಕೆ 9 ಬೈಟು! ದೂರವಾಣಿ ತಂತಿಯ ಮೂಲಕ ಆಮೆಗತಿಯಲ್ಲಿ ಅಂತರಜಾಲ ಬರುತ್ತಿದ್ದ ಕಾಲದಲ್ಲಿ ಇದೂ ಒಂದು ಆಕ್ಷೇಪಣೆಯಾಗಿತ್ತು. ಹೀಗಾಗಿ ಪತ್ರಿಕೆಗಳು ಯೂನಿಕೋಡಿಗೆ ಬಂದದ್ದು ನಿಧಾನವಾಗಿ.

ಇದಕ್ಕೂ ದುಡ್ಡಿಗೂ ಏನು ಸಂಬಂಧ? 2003ರಲ್ಲಿ ಗೂಗಲ್ ‘ಆಡ್‌ಸೆನ್ಸ್’ ಆರಂಭಿಸಿತು. ಪುಟದಲ್ಲಿರುವ ಪದಗಳನ್ನು ಯಂತ್ರವೇ ಓದಿ, ಅವಕ್ಕೆ ಹೊಂದುವ ಜಾಹೀರಾತನ್ನು ತಂದು ಹಾಕುವ ವ್ಯವಸ್ಥೆ ಇದು. ತಾಣದವರು ಜಾಹೀರಾತುದಾರರನ್ನು ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಜಗತ್ತಿನ ಸಣ್ಣಪುಟ್ಟ ತಾಣಗಳು ಇದರಿಂದ ಸಂಪಾದಿಸತೊಡಗಿದವು. ಫಾಂಟಿನ ಗೊಂದಲದಲ್ಲಿದ್ದ ಕನ್ನಡ ಪುಟವನ್ನು ಆ ಯಂತ್ರ ಓದುವುದಾದರೂ ಹೇಗೆ? ಅದಕ್ಕೆ ಕಾಣುವುದು ಅರ್ಥರಹಿತ ಇಂಗ್ಲಿಷ್ ಅಕ್ಷರಗಳು. ಹುಡುಕುಯಂತ್ರಕ್ಕೂ ಅಷ್ಟೆ. ‘ಮಾಂಬಳ್ಳಿ’ ಎಂದು ಹುಡುಕಿದವನಿಗೆ ಮಾಂಬಳ್ಳಿಯ ಸುದ್ದಿ ಸಿಗುತ್ತಿರಲಿಲ್ಲ. ಇ-ಪತ್ರಿಕೆ ಎಂದು ಇಡೀ ಪುಟವನ್ನು ಚಿತ್ರವಾಗಿ ಹಾಕಿದಾಗಲೂ ಇದೇ ಕಥೆ. ಮನುಷ್ಯನಿಗೆ ಓದಲು ಬರುತ್ತದೆ, ಯಂತ್ರಕ್ಕೆ ಅದು ಬರಿಯ ಚುಕ್ಕೆಗಳ ಚಿತ್ರ.

ಯೂನಿಕೋಡಿಗೆ ಬಂದ ಮೇಲೂ ಕಾಯುವುದು ತಪ್ಪಲಿಲ್ಲ. ಆಡ್‌ಸೆನ್ಸ್ ಹಿಂದಿಯನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 2014ರ ಕೊನೆಗೆ, ಬಂಗಾಳಿಯನ್ನು 2017ರಲ್ಲಿ, ತಮಿಳು ತೆಲುಗುಗಳನ್ನು 2018ರಲ್ಲಿ. ಕನ್ನಡದ ಸರದಿ ಇವುಗಳ ಅನಂತರ. ಇಂಗ್ಲಿಷಿಗೂ ನಮಗೂ ನಡುವೆ ಒಂದೂವರೆ ದಶಕದ ಅಂತರ ಬಿತ್ತು. ಈ ಅವಧಿಯಲ್ಲಿ ‘ಜಾಲದ ಸುದ್ದಿ ಪುಕ್ಕಟೆ’ ಎಂಬ ಅಭ್ಯಾಸ ಓದುಗರಲ್ಲಿ ಬೇರೂರಿತ್ತು.

ಸಾವಿರ ನೋಟಕ್ಕೆ ಎಷ್ಟು?

ಜಾಲದ ಜಾಹೀರಾತು ಹುಟ್ಟಿದ್ದು 1994ರ ಅಕ್ಟೋಬರ್ 27ರಂದು ಎನ್ನುವುದು ವಾಡಿಕೆ. ಅಂದು ಅಮೆರಿಕದ ‘ಹಾಟ್‌ವೈರ್ಡ್’ ತಾಣದಲ್ಲಿ ಎಟಿ ಅಂಡ್ ಟಿ ದೂರವಾಣಿ ಕಂಪನಿಯ ಪಟ್ಟಿಯಾಕಾರದ ಜಾಹೀರಾತು ಕಾಣಿಸಿಕೊಂಡಿತು. ಮುದ್ರಣದಲ್ಲಿ ಜಾಹೀರಾತನ್ನು ಜಾಗದ ಅಳತೆಯ ಮೇಲೆ ಮಾರುತ್ತಾರೆ. ಜಾಲದಲ್ಲಿ ಸಾವಿರ ನೋಟಕ್ಕೆ ಇಷ್ಟು ಎಂದು ಮಾರುತ್ತಾರೆ, ಇಲ್ಲವೇ ಒತ್ತಿದಾಗ ಇಷ್ಟು ಎಂದು.

ನಮ್ಮ ಕೊಳವೆಯ ಸುದ್ದಿಗೆ ಬರೋಣ. ಲೆಕ್ಕಕ್ಕೆಂದು ಕೆಲವು ಅಂಕಿಗಳನ್ನು ಹಿಡಿಯೋಣ. ಸುದ್ದಿಯನ್ನು 3,000 ಮಂದಿ ಓದಿದರು, ಪುಟದಲ್ಲಿ 3 ಜಾಹೀರಾತುಗಳಿದ್ದವು, ಸಾವಿರ ನೋಟಕ್ಕೆ 20 ರೂಪಾಯಿ ದರ. ಒಟ್ಟು ನೋಟ 9,000. ಹುಟ್ಟಿದ ಹಣ 180 ರೂಪಾಯಿ. ಇದೂ ಪೂರ್ತಿ ಪತ್ರಿಕೆಗೆ ಬರುವುದಿಲ್ಲ. ಆಡ್‌ಸೆನ್ಸ್ ತಾಣದವರಿಗೆ ಕೊಡುವುದು 68% ಎಂದು ಗೂಗಲ್ಲೇ 2010ರಲ್ಲಿ ಪ್ರಕಟಿಸಿತ್ತು. ಹಲವು ಮಧ್ಯವರ್ತಿಗಳಿರುವ ಹರಾಜಿನಲ್ಲಿ ಪಾಲು ಇನ್ನೂ ಇಳಿಯುತ್ತದೆ. 2020ರಲ್ಲಿ ಬ್ರಿಟನ್ನಿನ ಜಾಹೀರಾತುದಾರರ ಸಂಘವು ಲೆಕ್ಕ ಪರಿಶೋಧಕರಿಂದ ಅಧ್ಯಯನ ಮಾಡಿಸಿದಾಗ, ಜಾಹೀರಾತುದಾರ ಕೊಟ್ಟ ಹಣದಲ್ಲಿ ಪ್ರಕಾಶಕನಿಗೆ ತಲುಪಿದ್ದು 51% ಎಂದು ಕಂಡುಬಂದಿತು. 15% ಹಣ ಎಲ್ಲಿ ಹೋಯಿತೆಂಬುದೇ ಪತ್ತೆಯಾಗಲಿಲ್ಲ! ಆ ಪ್ರಕಾರ ನಮ್ಮ ಸುದ್ದಿಗೆ ಸಿಗುವುದು 90 ರೂಪಾಯಿ ಚಿಲ್ಲರೆ. ಯಳಂದೂರಿನಿಂದ ಮಾಂಬಳ್ಳಿಗೆ ಬಂದುಹೋದ ಪೆಟ್ರೋಲು, ವರದಿಗಾರನ ಸಂಭಾವನೆ, ಉಪಸಂಪಾದಕನ ಸಂಬಳ ಎಲ್ಲವೂ ಇದರಲ್ಲೇ ಆಗಬೇಕು.

ಅದೇ ತಾಣದಲ್ಲಿ ಸಿನಿಮಾ ನಟನ ಮದುವೆಯ ಸುದ್ದಿಗೆ 5 ಲಕ್ಷ ಓದುಗರು ಬಂದರೆನ್ನಿ. ಅದೇ ದರದಲ್ಲಿ 15,000 ರೂಪಾಯಿ ಕೈಸೇರುತ್ತದೆ. ಅದನ್ನು ಬರೆಯಲು ಕಚೇರಿಯಿಂದ ಏಳಬೇಕಾಗಿಯೂ ಇಲ್ಲ. ತಾಣಗಳ ತಲೆಬರಹಗಳು ಏಕೆ ಹೀಗಿವೆ ಎಂದು ಬೇಸರಪಡುವವರು ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಸಂಪಾದಕರ ಅಭಿರುಚಿಯನ್ನು ದೂರುವುದು ಸುಲಭ. ನೋಟದ ಮೇಲೆ ಹಣ ಎಂಬ ನಿಯಮವೇ ಅವರನ್ನು ಆ ಕಡೆ ದೂಡುತ್ತದೆ.

ಜಾಹೀರಾತಿನ ಹರಾಜು ನಡೆಯುವ ಬಗೆ ಸ್ವಾರಸ್ಯಕರ. ನೀವು ಪುಟ ತೆರೆದ ಕ್ಷಣದಲ್ಲಿ, ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ, ನಿಮ್ಮ ನೋಟವನ್ನು ಹರಾಜಿಗಿಡಲಾಗುತ್ತದೆ. ನೀವು ಎಲ್ಲಿದ್ದೀರಿ, ಯಾವ ಮೊಬೈಲು, ಹಿಂದೆ ಏನೇನು ನೋಡಿದಿರಿ ಎಂಬ ವಿವರಗಳು ಕೂಗುಬೆಲೆಯನ್ನು ನಿರ್ಧರಿಸುತ್ತವೆ. ಈ ವಿವರಗಳನ್ನು ಹಿಡಿದಿಡುವ ಸಣ್ಣ ಪಠ್ಯ ಕಡತವೇ ‘ಕುಕೀ’. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಅದನ್ನು ರೂಪಿಸಿದ. ಕುಕೀ ಬಂದ ಮೇಲೆ ಜಾಹೀರಾತುದಾರನಿಗೆ ಪತ್ರಿಕೆಯ ಪುಟ ಅನಿವಾರ್ಯವಾಗಿ ಉಳಿಯಲಿಲ್ಲ. ಟ್ರ್ಯಾಕ್ಟರ್ ಕೊಳ್ಳುವ ರೈತ ಬೇಕೆಂದರೆ ಕೃಷಿ ಪುಟದಲ್ಲೇ ಹುಡುಕಬೇಕಿಲ್ಲ, ಅದೇ ರೈತ ಹಾಡು ಕೇಳುತ್ತಿರುವಾಗ ಅಗ್ಗಕ್ಕೆ ಸಿಗುತ್ತಾನೆ.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ವರ್ಗೀಕೃತ ಜಾಹೀರಾತುಗಳಿಗೆ. 1995ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಕ್ರೇಗ್ ನ್ಯೂಮಾರ್ಕ್ ಶುರು ಮಾಡಿದ ‘ಕ್ರೇಗ್ಸ್‌ಲಿಸ್ಟ್’ ಇಂಥ ಜಾಹೀರಾತುಗಳನ್ನು ಬಹುತೇಕ ಪುಕ್ಕಟೆ ಮಾಡಿತು. ಅಮೆರಿಕದ ಪತ್ರಿಕೆಗಳ ಜಾಹೀರಾತು ವರಮಾನ 2005ರಲ್ಲಿ ಸುಮಾರು 4,900 ಕೋಟಿ ಡಾಲರ್ ಇದ್ದದ್ದು 2016ರ ವೇಳೆಗೆ ಸುಮಾರು 1,800 ಕೋಟಿಗೆ ಕುಸಿಯಿತು. ನಮ್ಮಲ್ಲಿ ಕೆಲಸ ಹುಡುಕುವವರನ್ನು ‘ನೌಕ್ರಿ’, ವಧೂವರರನ್ನು ‘ಭಾರತ್ ಮ್ಯಾಟ್ರಿಮೊನಿ’ 1997ರಿಂದಲೇ ಸೆಳೆಯತೊಡಗಿದವು. ಆದರೂ ಕನ್ನಡ ಪತ್ರಿಕೆಗಳಿಗೆ ಅಮೆರಿಕದಷ್ಟು ಬೇಗ ಬಿಸಿ ತಟ್ಟಲಿಲ್ಲ. ಸರ್ಕಾರಿ ಪ್ರಕಟಣೆ, ಟೆಂಡರು, ಶ್ರದ್ಧಾಂಜಲಿ, ರಾಜಕಾರಣಿಗಳ ಹುಟ್ಟುಹಬ್ಬದ ಶುಭಾಶಯ ಇವೆಲ್ಲ ಕಾಗದಕ್ಕೇ ಅಂಟಿಕೊಂಡಿದ್ದವು. ಶುಭಾಶಯ ಕೋರುವವನಿಗೆ ತನ್ನ ಚಿತ್ರ ಅಚ್ಚಾಗಿ ಊರವರ ಕೈಯಲ್ಲಿ ಕಾಣಬೇಕು, ಮೊಬೈಲಿನಲ್ಲಿ ಮಿಂಚಿ ಮಾಯವಾದರೆ ಸಾಲದು.

ಓದುಗನೇ ಕೊಟ್ಟರೆ

ಉಳಿದ ದಾರಿ ಓದುಗನಿಂದಲೇ ಪಡೆಯುವುದು. ‘ವಾಲ್ ಸ್ಟ್ರೀಟ್ ಜರ್ನಲ್’ ಇದನ್ನು 1990ರ ದಶಕದಲ್ಲಿಯೇ ಮಾಡಿ ಗೆದ್ದಿತು. ವ್ಯಾಪಾರದ ಸುದ್ದಿಯಿಂದ ಓದುಗನಿಗೂ ಲಾಭವಿದೆಯಲ್ಲ! ‘ನ್ಯೂಯಾರ್ಕ್ ಟೈಮ್ಸ್’ 2005ರಲ್ಲಿ ಅಂಕಣಗಳಿಗೆ ಮಾತ್ರ ಬೇಲಿ ಹಾಕಿ ಹಣ ಕೇಳಿತು. ಸುಮಾರು 2 ಲಕ್ಷ 27 ಸಾವಿರ ಮಂದಿ ಕೊಟ್ಟರೂ ಹುಡುಕುಯಂತ್ರದಿಂದ ಬರುವ ಓದುಗರು ತಪ್ಪಿಹೋಗುತ್ತಾರೆಂದು 2007ರಲ್ಲಿ ಬೇಲಿ ಕಿತ್ತಿತು. 2011ರ ಮಾರ್ಚಿನಲ್ಲಿ ಬೇರೊಂದು ಉಪಾಯದೊಂದಿಗೆ ಮರಳಿತು. ತಿಂಗಳಿಗೆ 20 ಲೇಖನ ಉಚಿತ, ಅನಂತರ ಚಂದಾ. ಅಪರೂಪಕ್ಕೆ ಬರುವವನಿಂದ ಜಾಹೀರಾತಿನ ಹಣ, ನಿತ್ಯ ಬರುವವನಿಂದ ಚಂದಾ ಹಣ. ಎಷ್ಟು ಓದಿದ ಎಂದು ಎಣಿಸುವ ಕೆಲಸ ಮತ್ತದೇ ಕುಕೀಯದು. ಮರುವರ್ಷ 20ನ್ನು 10ಕ್ಕೆ ಇಳಿಸಿದರು. 2023ರಲ್ಲಿ ಅದರ ಚಂದಾದಾರರು ಒಂದು ಕೋಟಿ ದಾಟಿದರು. ಪದಬಂಧ, ಅಡುಗೆ, 2022ರಲ್ಲಿ ಕೊಂಡ ‘ವರ್ಡಲ್’ ಆಟ ಇವುಗಳಿಗಾಗಿ ಚಂದಾ ಕೊಡುವವರೂ ಅದರಲ್ಲಿ ಸೇರಿದ್ದಾರೆ. ಪದಬಂಧ ಯುದ್ಧವರದಿಯ ಖರ್ಚು ಭರಿಸುವುದು ನಗು ಬರಿಸಬಹುದು, ಆದರೆ ನಮ್ಮ ವಾರಪತ್ರಿಕೆಗಳ ಧಾರಾವಾಹಿಗಳು ಇನ್ನೇನು ಮಾಡುತ್ತಿದ್ದವು?

ಬೆಂಗಳೂರಿನಲ್ಲಿ 2016ರಲ್ಲಿ ಆರಂಭವಾದ ‘ದಿ ಕೆನ್’ ಪೂರ್ತಿಯಾಗಿ ಚಂದಾ ನಂಬಿದ ಇಂಗ್ಲಿಷ್ ತಾಣ. ‘ದಿ ಹಿಂದೂ’ 2019ರಲ್ಲಿ ತನ್ನ ತಾಣಕ್ಕೆ ಚಂದಾ ವಿಧಿಸಿತು. ಕನ್ನಡಕ್ಕೆ ಇದನ್ನು ಹಾಗೆಯೇ ಎತ್ತಿ ತರುವುದು ಕಷ್ಟ. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು ಸುಮಾರು 4 ಕೋಟಿ 37 ಲಕ್ಷ. ಸಂಖ್ಯೆ ಸಣ್ಣದಲ್ಲ. ಆದರೆ ಒಂದೇ ಸುದ್ದಿ ಹತ್ತು ತಾಣಗಳಲ್ಲಿ ಪುಕ್ಕಟೆ ಸಿಗುವಾಗ ಹನ್ನೊಂದನೆಯವನು ಬೇಲಿ ಹಾಕಿದರೆ ಓದುಗ ಪಕ್ಕದ ತಾಣಕ್ಕೆ ಹೋಗುತ್ತಾನೆ.

ಹಣ ಕೊಡುವ ವಿಧಾನವೂ ಬಹುಕಾಲ ಅಡ್ಡಿಯಾಗಿತ್ತು. ಕ್ರೆಡಿಟ್ ಕಾರ್ಡಿಲ್ಲದವನು 5 ರೂಪಾಯಿಯನ್ನು ಜಾಲದಲ್ಲಿ ಹೇಗೆ ಕೊಟ್ಟಾನು? ಕಾರ್ಡಿದ್ದರೂ ಅಷ್ಟು ಸಣ್ಣ ಮೊತ್ತಕ್ಕೆ ವ್ಯವಹಾರದ ವೆಚ್ಚವೇ ಭಾರ. 2016ರಲ್ಲಿ ಯುಪಿಐ ಬಂದು, 2020ರ ಜನವರಿಯಿಂದ ವ್ಯಾಪಾರಿಗಳ ಮೇಲಿನ ಶುಲ್ಕವೂ ರದ್ದಾದ ಮೇಲೆ ಈ ಅಡ್ಡಿ ಹೆಚ್ಚು ಕಡಿಮೆ ಇಲ್ಲವಾಯಿತು. ಚಹಾದಂಗಡಿಯಲ್ಲಿ ಹತ್ತು ರೂಪಾಯಿ ಕೊಡುವ ಅದೇ ಮೊಬೈಲಿನಿಂದ ಸುದ್ದಿಗೂ ಕೊಡಬಹುದು. ತಾಂತ್ರಿಕವಾಗಿ ಈಗ ಕೊಡಬಹುದು, ಅಭ್ಯಾಸವಿಲ್ಲ ಅಷ್ಟೆ.

ಅಭಿಮಾನದಿಂದ ಕೊಟ್ಟ ಉದಾಹರಣೆ ಬೇಕೆಂದರೆ ಮೈಸೂರಿನ ಸಂಸ್ಕೃತ ದಿನಪತ್ರಿಕೆ ‘ಸುಧರ್ಮಾ’ ಇದೆ. ಪಂಡಿತ ಕಳಲೆ ನಡಾದೂರು ವರದರಾಜ ಅಯ್ಯಂಗಾರ್ಯರು 1970ರ ಜುಲೈ 15ರಂದು ಆರಂಭಿಸಿದ ಈ ಪುಟ್ಟ ಪತ್ರಿಕೆ ಹೆಚ್ಚಾಗಿ ಅಂಚೆಯಲ್ಲಿಯೇ ಓದುಗರನ್ನು ಮುಟ್ಟುತ್ತಿತ್ತು. ಅಂಚೆಯಲ್ಲಿ ತಲುಪುವಷ್ಟರಲ್ಲಿ ಸುದ್ದಿ ಹಳತಾಗಿರುತ್ತದೆ ಎಂಬುದು ಅದರ ಓದುಗರಿಗೆ ಮುಖ್ಯವಾಗಿರಲಿಲ್ಲ, ಸಂಸ್ಕೃತದಲ್ಲಿ ದಿನಪತ್ರಿಕೆಯೊಂದು ಇರುವುದೇ ಮುಖ್ಯವಾಗಿತ್ತು. ಇ-ಪತ್ರಿಕೆ ಬಂದ ಮೇಲೆ ಅದು ಹೊರದೇಶಗಳ ಸಂಸ್ಕೃತಾಸಕ್ತರಿಗೂ ಸಿಕ್ಕಿತು. ಹಣದ ಮುಗ್ಗಟ್ಟು ಬಂದಾಗ ಸಾರ್ವಜನಿಕರ ನೆರವು ಕೇಳಬೇಕಾಯಿತು. ಅದನ್ನು ನಡೆಸಿದ ಕೆ. ವಿ. ಸಂಪತ್‌ಕುಮಾರ್ ಮತ್ತು ವಿದುಷಿ ಜಯಲಕ್ಷ್ಮಿ ದಂಪತಿಗೆ 2020ರಲ್ಲಿ ಪದ್ಮಶ್ರೀ ಬಂದಿತು. ಸಂಪತ್‌ಕುಮಾರ್ 2021ರಲ್ಲಿ ತೀರಿಕೊಂಡರು. ಇಲ್ಲಿ ಓದುಗ ಹಣ ಕೊಡುವುದು ಮಾಹಿತಿಗಲ್ಲ, ಒಂದು ಸಂಸ್ಥೆ ಉಳಿಯಲಿ ಎಂಬುದಕ್ಕೆ. ಲಂಡನ್ನಿನ ‘ಗಾರ್ಡಿಯನ್’ ಬೇಲಿ ಹಾಕದೆ ಓದುಗರ ವಂತಿಗೆ ಕೇಳುವುದೂ ಇದೇ ಭಾವನೆಯನ್ನು ನೆಚ್ಚಿ. ಕನ್ನಡದಲ್ಲಿ 2022ರಲ್ಲಿ ಆರಂಭವಾದ ‘ಈದಿನ’ ತಾಣ ಜನರ ಸಣ್ಣ ಸಣ್ಣ ವಂತಿಗೆಯ ದಾರಿ ಹಿಡಿದಿದೆ. ಬೆಂಗಳೂರಿನ ಇಂಗ್ಲಿಷ್ ತಾಣ ‘ದಿ ನ್ಯೂಸ್ ಮಿನಿಟ್’ ಸದಸ್ಯತ್ವವನ್ನು ಬೆಳೆಸಿಕೊಂಡಿದೆ. ಪ್ರತಿಷ್ಠಾನಗಳ ದೇಣಿಗೆಯಿಂದ ನಡೆಯುವ ತಾಣಗಳೂ ಇವೆ. ದಾನಿಯ ಮನಸ್ಸು ಬದಲಾದರೆ ಏನು ಗತಿ ಎಂಬ ಪ್ರಶ್ನೆ ಅವುಗಳನ್ನು ಬಿಡುವುದಿಲ್ಲ.

ನಡುವಿನ ಮನೆಗಳು

ಸುದ್ದಿ ಬರೆಯುವವನಿಗೂ ಓದುವವನಿಗೂ ನಡುವೆ ಮೂರನೆಯವನೊಬ್ಬ ಬಂದದ್ದು ಈ ಇತಿಹಾಸದ ಮುಖ್ಯ ತಿರುವು. 2009ರಲ್ಲಿ ನೋಕಿಯಾದ ಮಾಜಿ ನೌಕರರಾದ ಉಮೇಶ್ ಕುಲಕರ್ಣಿ ಮತ್ತು ಚಂದ್ರಶೇಖರ ಸೋಹೋನಿ ‘ನ್ಯೂಸ್‌ಹಂಟ್’ ಎಂಬ ತಂತ್ರಾಂಶ ಹೊರತಂದರು. ಭಾರತೀಯ ಲಿಪಿಗಳೇ ಇಲ್ಲದ ಅಂದಿನ ಮೊಬೈಲುಗಳಲ್ಲೂ ಕನ್ನಡ ಸುದ್ದಿಯನ್ನು ತೋರಿಸಿದ್ದು ಅದರ ಹೆಗ್ಗಳಿಕೆ. ಹಲವು ಪತ್ರಿಕೆಗಳು ಒಂದೇ ಕಡೆ ಸಿಕ್ಕವು. 2012ರಲ್ಲಿ ಬೆಂಗಳೂರಿನ ವರ್ಸ್ ಇನ್ನೋವೇಷನ್ ಅದನ್ನು ಕೊಂಡಿತು. 2015ರಲ್ಲಿ ಹೆಸರು ‘ಡೈಲಿಹಂಟ್’ ಎಂದಾಯಿತು. ಓದುಗನಿಗೆ ಅನುಕೂಲವೇ. ಪತ್ರಿಕೆಗಳಿಗೂ ವರಮಾನದ ಪಾಲು ಬರುತ್ತದೆ. ಆದರೆ ಓದುಗನ ಪರಿಚಯ ಮಾತ್ರ ಮಧ್ಯವರ್ತಿಗೆ ಉಳಿಯುತ್ತದೆ. ಚಂದಾ ಕೇಳಬೇಕಾದವನ ವಿಳಾಸವೇ ಪತ್ರಿಕೆಯ ಬಳಿ ಇರುವುದಿಲ್ಲ.

ಫೇಸ್‌ಬುಕ್ 2015ರಲ್ಲಿ ‘ಇನ್‌ಸ್ಟಂಟ್ ಆರ್ಟಿಕಲ್ಸ್’ ಎಂದು ಪತ್ರಿಕೆಗಳನ್ನು ಕರೆಯಿತು, 2023ರಲ್ಲಿ ಮುಚ್ಚಿತು. ಬಾಡಿಗೆ ಮನೆಯ ಬಾಳು ಹೀಗೆಯೇ. 2021ರಲ್ಲಿ ಆಸ್ಟ್ರೇಲಿಯ, ಸುದ್ದಿಯಿಂದ ಲಾಭ ಪಡೆಯುವ ವೇದಿಕೆಗಳು ಪ್ರಕಾಶಕರೊಂದಿಗೆ ಚೌಕಾಸಿ ಮಾಡಿ ಹಣ ಕೊಡಬೇಕೆಂಬ ಕಾಯಿದೆ ತಂದಿತು. ಕೆನಡಾ 2023ರಲ್ಲಿ ಇಂಥದೇ ಕಾಯಿದೆ ಮಾಡಿದಾಗ ಗೂಗಲ್ ವರ್ಷಕ್ಕೆ 10 ಕೋಟಿ ಕೆನಡಾ ಡಾಲರ್ ಕೊಡಲು ಒಪ್ಪಿತು, ಫೇಸ್‌ಬುಕ್ಕಿನ ಒಡೆಯ ಮೆಟಾ ಮಾತ್ರ ಆ ದೇಶದಲ್ಲಿ ಸುದ್ದಿಯನ್ನೇ ತಡೆಹಿಡಿಯಿತು. ಭಾರತದಲ್ಲಿ ಪತ್ರಿಕೆಗಳ ಡಿಜಿಟಲ್ ವಿಭಾಗಗಳ ಸಂಘ ಕೊಟ್ಟ ದೂರಿನ ಮೇಲೆ ಸ್ಪರ್ಧಾ ಆಯೋಗ 2022ರ ಜನವರಿಯಲ್ಲಿ ಗೂಗಲ್ ವಿರುದ್ಧ ತನಿಖೆಗೆ ಆದೇಶಿಸಿತು.

ಅಷ್ಟರಲ್ಲಿ ಇನ್ನೊಂದು ಬದಲಾವಣೆ. ಹುಡುಕುಯಂತ್ರ ಈಗ ಕೊಂಡಿಗಳನ್ನು ತೋರಿಸುವ ಮೊದಲು ಕೃತಕ ಬುದ್ಧಿಮತ್ತೆಯಿಂದ ತಾನೇ ಉತ್ತರ ಬರೆದುಕೊಡುತ್ತದೆ. 2024ರಲ್ಲಿ ಇದು ಭಾರತಕ್ಕೂ ಬಂದಿತು. ಉತ್ತರ ಅಲ್ಲಿಯೇ ಸಿಕ್ಕರೆ ತಾಣಕ್ಕೆ ಹೋಗುವವರು ಯಾರು? ಹೋಗದಿದ್ದರೆ ನಮ್ಮ ಲೆಕ್ಕದ 3,000 ನೋಟವೂ ಇಲ್ಲ, 90 ರೂಪಾಯಿಯೂ ಇಲ್ಲ. ಇಂಥ ಯಂತ್ರಗಳ ತರಬೇತಿಗೆ ತಮ್ಮ ಸುದ್ದಿಯನ್ನು ಬಳಸಿಕೊಂಡದ್ದಕ್ಕಾಗಿ ‘ನ್ಯೂಯಾರ್ಕ್ ಟೈಮ್ಸ್’ 2023ರ ಡಿಸೆಂಬರಿನಲ್ಲಿ, ನಮ್ಮ ಎಎನ್‌ಐ ಸುದ್ದಿಸಂಸ್ಥೆ 2024ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದಲ್ಲಿ, ಓಪನ್‌ಎಐ ಮೇಲೆ ದಾವೆ ಹೂಡಿದವು.

ಒಬ್ಬ ವರದಿಗಾರನ ಲೆಕ್ಕ

ರಾಜಧಾನಿಯ ಸುದ್ದಿ ಹೇಗೋ ಬಂದೇ ಬರುತ್ತದೆ. ಆತಂಕವಿರುವುದು ಮಾಂಬಳ್ಳಿಯ ಸುದ್ದಿಗೆ. 2021ರ ಮೇ 2ರ ರಾತ್ರಿಯಿಂದ ಮರುದಿನದವರೆಗೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ಸತ್ತದ್ದು ನಿಮಗೆ ನೆನಪಿರಬಹುದು. ಅಂಥ ಹೊತ್ತಿನಲ್ಲಿ ಆಸ್ಪತ್ರೆಯ ಬಾಗಿಲಿಗೆ ಹೋಗಿ ನಿಲ್ಲಬಲ್ಲವನು, ಸತ್ತವರ ಮನೆಯವರನ್ನು ಹೆಸರು ಹಿಡಿದು ಮಾತಾಡಿಸಬಲ್ಲವನು ಜಿಲ್ಲೆಯಲ್ಲೇ ವಾಸಿಸುವ ವರದಿಗಾರ. ಅವನಿಗೆ ಸಿಗುವ ಸಂಭಾವನೆ ಸಣ್ಣದು. ಎಷ್ಟೋ ಕಡೆ ಜಾಹೀರಾತು ತಂದುಕೊಡುವ ಕೆಲಸವೂ ಅವನ ಮೇಲೆಯೇ ಬೀಳುತ್ತದೆ. ಯಾರ ವಿರುದ್ಧ ಬರೆಯಬೇಕೋ ಅವರ ಬಳಿಯೇ ಶುಭಾಶಯದ ಜಾಹೀರಾತು ಕೇಳುವುದೆಂದರೆ ಏನೆಂದು ಊಹಿಸಿಕೊಳ್ಳಿ.

ಯಳಂದೂರು ತಾಲ್ಲೂಕಿನ ಜನಸಂಖ್ಯೆ 2011ರಲ್ಲಿ ಸುಮಾರು 80 ಸಾವಿರ. ಮನೆಗೆ ನಾಲ್ವರೆಂದರೆ 20 ಸಾವಿರ ಮನೆ. ಪೂರ್ಣಾವಧಿ ವರದಿಗಾರನೊಬ್ಬನಿಗೆ ತಿಂಗಳಿಗೆ 20,000 ರೂಪಾಯಿ, ಓಡಾಟಕ್ಕೆ 5,000 ಎಂದಿಟ್ಟುಕೊಳ್ಳಿ. ಮನೆಯೊಂದಕ್ಕೆ ತಿಂಗಳಿಗೆ 40 ರೂಪಾಯಿ ಚಂದಾ ಎಂದರೆ ಬೇಕಾದವರು 625 ಮನೆಯವರು, ಅಂದರೆ 32 ಮನೆಗೆ ಒಂದು. ಬರೆದದ್ದನ್ನು ತಿದ್ದುವವರು, ತಾಣದ ನಿರ್ವಹಣೆ, ವಕೀಲರ ಖರ್ಚು ಎಲ್ಲ ಸೇರಿ ಇದು ಇಮ್ಮಡಿಯಾದರೂ 16 ಮನೆಗೆ ಒಂದು. ಸಾವಿರ ನೋಟಕ್ಕೆ 20 ರೂಪಾಯಿಯ ದರದಲ್ಲಿ, ಅರ್ಧ ಪಾಲು ಮಧ್ಯವರ್ತಿಗೆ ಕೊಟ್ಟು, ಅದೇ 25,000 ರೂಪಾಯಿ ಗಳಿಸಲು ತಿಂಗಳಿಗೆ 25 ಲಕ್ಷ ಜಾಹೀರಾತು ನೋಟಗಳು ಬೇಕು. ತಾಲ್ಲೂಕಿನ ಪ್ರತಿಯೊಬ್ಬರೂ, ಹಸುಗೂಸೂ ಸೇರಿದಂತೆ, ತಲಾ 31 ನೋಟ!

ಶಿಕ್ಷಕರು ಈ ಲೆಕ್ಕವನ್ನು ತಮ್ಮ ತಾಲ್ಲೂಕಿನ ಅಂಕಿಗಳೊಂದಿಗೆ ತರಗತಿಯಲ್ಲಿ ಮಾಡಿಸಬಹುದು. ಪ್ರತಿ ವಿದ್ಯಾರ್ಥಿಯೂ ತನ್ನ ಬೀದಿಯ ಹದಿನಾರು ಮನೆಗಳಲ್ಲಿ ಮೂರು ಪ್ರಶ್ನೆ ಕೇಳಿ ಬರಲಿ: ಊರಿನ ಸುದ್ದಿ ನಿಮಗೆ ಎಲ್ಲಿಂದ ತಿಳಿಯುತ್ತದೆ? ಅದಕ್ಕೆ ಈಗ ತಿಂಗಳಿಗೆ ಎಷ್ಟು ಕೊಡುತ್ತೀರಿ? 40 ರೂಪಾಯಿ ಕೊಡುವಿರಾ? ಉತ್ತರಗಳನ್ನು ಕೋಷ್ಟಕದಲ್ಲಿ ತುಂಬುವಾಗ ಇನ್ನೊಂದು ಅಂಕಣವನ್ನೂ ಬಿಡಿ. ಕಳೆದ ತಿಂಗಳು ಪತ್ರಿಕೆಗಳಲ್ಲಿ ನಿಮ್ಮ ಊರಿನ ಹೆಸರು ಎಷ್ಟು ಬಾರಿ ಬಂದಿತು, ಅದರಲ್ಲಿ ವರದಿಗಾರ ಸ್ಥಳಕ್ಕೆ ಬಂದು ಬರೆದದ್ದು ಎಷ್ಟು ಎಂಬುದನ್ನು ಅಲ್ಲಿ ಎಣಿಸಿ ಬರೆಯಬೇಕು.